ಬಿದ್ದ ಕೊಂಬಿಗೂ ಲೆಕ್ಕ ಬೇಕು, ಒಪ್ಪಿಸಿದವನಿಗೆ ರಸೀದಿ ಬೇಕು

ಕಾಡಂಚಿನ ಹೊಲದವರಿಗೆ ಇದು ಹೊಸ ಸಂಗತಿ ಅಲ್ಲ. ಹುರುಳಿ ಮೇಯೋಕೆ ಬಂದ ಜಿಂಕೆ, ಕಡವೆ ಬೇಲಿ ಮಗ್ಗುಲಲ್ಲಿ ಕೊಂಬು ಬೀಳಿಸಿ ಹೋಗಿರ್ತವೆ. ದನದ ಕೊಂಬಿನ ಹಾಗಲ್ಲ ಇದು. ಗಂಡಿಗೆ ಮಾತ್ರ ಬರುತ್ತೆ, ತಾನಾಗೇ ಕಳಚಿ ಬಿದ್ದು ಮತ್ತೆ ಹುಟ್ಟುತ್ತೆ.

"ಬಿದ್ದಿದ್ದು ತಾನೆ, ನಾವೇನು ಹೊಡೆದ್ವಾ?" ಅಂತ ಮನೆಗೆ ತರೋರಿದ್ದಾರೆ. ಕಾನೂನು ಹಾಗೆ ನೋಡಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಂಬು 'ಟ್ರೋಫಿ' ಪಟ್ಟಿಗೆ ಸೇರಿದೆ. ಸರ್ಕಾರದ ಸ್ವತ್ತು ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಇರೋ ಅಧಿಕಾರಿಗೋ ತಿಳಿಸಬೇಕು ಅಂತ 39ನೇ ಸೆಕ್ಷನ್ ಹೇಳುತ್ತೆ. ಇಲಾಖೆಯವರು ಬಿದ್ದ ಕೊಂಬನ್ನೂ ಇದೇ ಲೆಕ್ಕಕ್ಕೆ ಹಿಡೀತಾರೆ.

ನನ್ನ ಕೇಳಿದ್ರೆ ನಿಯಮ ಸರಿಯಾಗೇ ಇದೆ. ತಾನಾಗಿ ಬಿದ್ದ ಕೊಂಬಿನ ಬುಡ ಗುಂಡಗೆ, ಒರಟಾಗಿರುತ್ತೆ. ಕೊಂದು ತೆಗೆದದ್ದರಲ್ಲಿ ತಲೆಬುರುಡೆಯ ಚೂರು ಅಂಟಿರುತ್ತೆ. ಆದರೆ ಬುಡ ಕೊಯ್ದು ಚಾಕು ಹಿಡಿ ಮಾಡಿದ ಮೇಲೆ ಯಾವ ಗುರುತು ಉಳಿಯುತ್ತೆ? ಬಿದ್ದದ್ದಕ್ಕೆ ವಿನಾಯಿತಿ ಕೊಟ್ಟರೆ ಬೇಟೆಗಾರನೂ "ಬಿದ್ದಿತ್ತು ಸಾರ್" ಅಂತಾನೆ.

ನನ್ನ ತಕರಾರು ಇರೋದು ಒಪ್ಪಿಸೋ ದಾರಿ ಬಗ್ಗೆ. ಒಂದು ದಿನದ ಕೆಲಸ ಬಿಟ್ಟು ಕಚೇರಿಗೆ ಹೋದರೆ "ಎಲ್ಲಿ ಸಿಕ್ತು, ಜೊತೆಗೆ ಯಾರಿದ್ರು" ಅಂತ ಕಳ್ಳನನ್ನ ಕೇಳಿದ ಹಾಗೆ ಕೇಳ್ತಾರೆ ಅನ್ನೋ ಭಯ ಜನಕ್ಕಿದೆ. ಅದಕ್ಕೇ ಕೆಲವರು ಹಳ್ಳಕ್ಕೆ ಎಸೀತಾರೆ, ಕೆಲವರು ದಲ್ಲಾಳಿ ಕೈಗೆ ಹಾಕ್ತಾರೆ. ಗೆಲ್ಲೋನು ದಲ್ಲಾಳಿ.

ಮನೆಗಳಲ್ಲಿರೋ ಹಳೇ ವಸ್ತು ಒಪ್ಪಿಸೋಕೆ 2024ರ ಜನವರಿಯಲ್ಲಿ ಸರ್ಕಾರ ಮೂರು ತಿಂಗಳ ಅವಕಾಶ ಅಂತ ಹೇಳಿತ್ತು. ಬಿದ್ದ ಕೊಂಬು ಪ್ರತಿ ವರ್ಷ ಬೀಳುತ್ತೆ, ಅದಕ್ಕೆ ಕಾಯಂ ವ್ಯವಸ್ಥೆ ಬೇಕು. ಬೆಳೆ ಹಾನಿ ನೋಡೋಕೆ ಬರೋ ಗಾರ್ಡ್ ಕೈಗೇ ಕೊಂಬು ಕೊಡೋ ಹಾಗಿರಲಿ. ತಾರೀಖು, ಸಮಯ ಬರೆದ ರಸೀದಿ ಅಲ್ಲೇ ಕೊಡಲಿ. ಖರ್ಚು ಒಂದು ರಸೀದಿ ಪುಸ್ತಕ ಅಷ್ಟೇ.

ಅಲ್ಲಿವರೆಗೂ ನಾವು ಮಾಡಬೇಕಾದ್ದು ಇಷ್ಟು. ಕೊಂಬು ಕಂಡರೆ ಮುಟ್ಟಬೇಡಿ. ಬಿದ್ದ ಜಾಗದಲ್ಲೇ ಫೋಟೋ ತೆಗೀರಿ, ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕೈಗೆ ಬಂದುಬಿಟ್ಟಿದ್ದರೆ 48 ಗಂಟೆ ಮೀರದ ಹಾಗೆ ಬರವಣಿಗೆಯಲ್ಲಿ ಕೊಟ್ಟು, ಒಂದು ನಕಲಿಗೆ ಸಹಿ, ಸೀಲು ಹಾಕಿಸಿಕೊಳ್ಳಿ. ಪಹಣಿ ಇಟ್ಟ ಪೆಟ್ಟಿಗೆಯಲ್ಲೇ ಆ ಕಾಗದವೂ ಇರಲಿ.