ಆನೆಗೆ ದಾರಿ ಬಿಟ್ಟ ಹೊತ್ತು

ಓದುಗ ತಾಯಿಯೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಅವರ ಮಗ ಹಾಗೂ ಸೊಸೆ ಮುಂದಿನ ರಜೆಯಲ್ಲಿ ಮಕ್ಕಳೊಡನೆ ಅವರನ್ನೂ ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುವವರಿದ್ದಾರಂತೆ. ಅಲ್ಲಿ ಬೇರೆ ಚಾಲಕನಿಲ್ಲ, ಮಾರ್ಗದರ್ಶಿಯಿಲ್ಲ. ಬಾಡಿಗೆಯ ಕಾರನ್ನು ಮಗನೇ ನಡೆಸಿಕೊಂಡು ಸಿಂಹ, ಆನೆಗಳ ನಡುವೆ ನಾಲ್ಕು ದಿನ ತಿರುಗುವುದಂತೆ. “ಇದು ವಿಹಾರವೋ ವಿಪತ್ತೋ ತಿಳಿಯದಾಗಿದೆ. ತಾವು ಅಲ್ಲಿಗೆ ಹೋಗಿಬಂದವರು. ನಾನು ಹೋಗಬಹುದೇ, ಹೋದರೆ ಮಗನಿಗೆ ಏನು ಹೇಳಿಕೊಡಬೇಕು?” ಎಂದು ಕೇಳಿದ್ದಾರೆ. ಪತ್ರದ ಕೊನೆಯ ಪ್ರಶ್ನೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಆದಕಾರಣ ಈ ತಿಂಗಳ ಅಂಕಣವನ್ನು ಆ ತಾಯಿಗೆ ಬರೆಯುವ ಉತ್ತರವಾಗಿಯೇ ಬರೆಯುತ್ತಿದ್ದೇವೆ.

ನಾವು ಹೋದದ್ದು 2023ರ ಜುಲೈ ತಿಂಗಳಲ್ಲಿ. ಜೊಹಾನ್ಸ್‌ಬರ್ಗಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮನ ಮಗ, ಅವನ ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ನಾವು; ಒಟ್ಟು ಐವರು. ಮಠದ ಪ್ರಸಾದನಿಲಯದಲ್ಲಿ ಬೆಳೆದು, ಗ್ರಂಥಗಳ ನಡುವೆಯೇ ಆಯುಷ್ಯ ಕಳೆದ ನಮಗೆ ಕಾಡೆಂಬುದು ಕಾವ್ಯಗಳ ವರ್ಣನೆಗೆ ಸೇರಿದ ವಸ್ತುವಾಗಿತ್ತು. ಅಷ್ಟಾದಶ ವರ್ಣನೆಗಳನ್ನು ವಿದ್ಯಾರ್ಥಿಗಳಿಗೆ ವಿವರಿಸಿದ್ದೆವೇ ಹೊರತು ಬೆಳಗಿನ ಆರು ಗಂಟೆಗೆ ಕಾಡಿನ ಬಾಗಿಲಲ್ಲಿ ಸರದಿಯಲ್ಲಿ ನಿಂತು ನೋಡಿದವರಲ್ಲ.

ಜೊಹಾನ್ಸ್‌ಬರ್ಗಿನಿಂದ ಪೂರ್ವಕ್ಕೆ ಸುಮಾರು 400 ಕಿ.ಮೀ. ಸಾಗಿದರೆ ಕ್ರೂಗರಿನ ದಕ್ಷಿಣದ ಮಲೇಲಾನ್ ದ್ವಾರ ಸಿಗುತ್ತದೆ. ಉದ್ಯಾನದ ವಿಸ್ತಾರ ಸುಮಾರು 19,500 ಚದರ ಕಿ.ಮೀ.; ನಮ್ಮ ಬಂಡೀಪುರದಂಥ ಇಪ್ಪತ್ತು ಉದ್ಯಾನಗಳನ್ನು ಅದರೊಳಗೆ ಹುದುಗಿಸಬಹುದು. ಟ್ರಾನ್ಸ್‌ವಾಲ್ ಗಣರಾಜ್ಯದ ಅಧ್ಯಕ್ಷನಾಗಿದ್ದ ಪಾಲ್ ಕ್ರೂಗರನ ಕಾಲದಲ್ಲಿ, 1898ರಲ್ಲಿ, ಸಾಬಿ ನದಿಯ ಪ್ರದೇಶವನ್ನು ಬೇಟೆ ನಿಷಿದ್ಧ ಭೂಮಿಯೆಂದು ಘೋಷಿಸಿದರು. 1926ರಲ್ಲಿ ಅದು ವಿಸ್ತಾರಗೊಂಡು ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಸಾರ್ವಜನಿಕರ ಕಾರುಗಳಿಗೆ ಪ್ರವೇಶ ದೊರೆತಾಗ ಆ ಇಡೀ ವರ್ಷದಲ್ಲಿ ಒಳಗೆ ಬಂದ ಕಾರುಗಳು ಕೇವಲ ಮೂರು! ಸ್ವಂತ ವಾಹನದಲ್ಲಿ ಕಾಡು ನೋಡುವ ಪದ್ಧತಿ ಅಲ್ಲಿ ನಿನ್ನೆ ಮೊನ್ನೆಯದಲ್ಲವೆಂಬುದನ್ನು ಆ ತಾಯಿ ಗಮನಿಸಬೇಕು. ಸುಮಾರು ನೂರು ವರ್ಷಗಳಲ್ಲಿ ಅಲ್ಲಿನ ಮೃಗಗಳು ಕಾರನ್ನು ಒಂದು ದೊಡ್ಡ, ವಾಸನೆಯ, ನಿರುಪದ್ರವಿ ಪ್ರಾಣಿಯೆಂದು ಒಪ್ಪಿಕೊಂಡುಬಿಟ್ಟಿವೆ. ಅದರೊಳಗಿನಿಂದ ಮನುಷ್ಯ ಹೊರಗೆ ಬಂದರೆ ಮಾತ್ರ ಆ ಒಪ್ಪಂದ ಮುರಿಯುತ್ತದೆ.

ನಿಯಮಗಳು ಕೆಲವೇ, ಆದರೆ ಕಟ್ಟುನಿಟ್ಟು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಕಚ್ಚಾ ರಸ್ತೆಯಲ್ಲಿ 40, ಅದಕ್ಕೆ ಮೀರಕೂಡದು. ಗೊತ್ತುಪಡಿಸಿದ ತಾಣಗಳಲ್ಲದೆ ಬೇರೆಲ್ಲೂ ಕಾರಿನಿಂದ ಇಳಿಯಕೂಡದು. ಕಿಟಕಿಯಿಂದ ತಲೆಯನ್ನಾಗಲಿ ಕೈಯನ್ನಾಗಲಿ ಹೊರಗೆ ಚಾಚಕೂಡದು. ಯಾವ ಪ್ರಾಣಿಗೂ ಏನನ್ನೂ ತಿನ್ನಿಸಕೂಡದು. ಮುಖ್ಯವಾದದ್ದು, ಸಂಜೆ ಬಾಗಿಲು ಮುಚ್ಚುವುದರೊಳಗೆ ಬೇಲಿ ಹಾಕಿದ ಬಿಡಾರವನ್ನು ಸೇರಲೇಬೇಕು. ಈ ವೇಳೆ ಋತುಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ಅಲ್ಲಿ ಜುಲೈ ಎಂದರೆ ಚಳಿಗಾಲ. ಬೆಳಗ್ಗೆ 6ಕ್ಕೆ ತೆರೆದು ಸಂಜೆ 5-30ಕ್ಕೆ ಮುಚ್ಚುತ್ತಾರೆ.

ಹಿರಿಯರಿಗೆ ಈ ನಿಯಮಗಳು ಸುಲಭ, ಮಕ್ಕಳಿಗೆ ಕಠಿಣ. ಎರಡನೆಯ ದಿನ ಆರು ವರ್ಷದ ಮೊಮ್ಮಗನಿಗೆ ನಡುದಾರಿಯಲ್ಲಿ ದೇಹಬಾಧೆ ಕಾಡಿತು. ಇಳಿಯಬಹುದಾದ ತಾಣ ಇನ್ನೂ ಇಪ್ಪತ್ತು ಕಿ.ಮೀ. ದೂರ. ಅವನ ತಾಯಿಯ ಮುಖ ನೋಡುವಂತಿರಲಿಲ್ಲ. ವಿವರ ಬೇಡ, ಖಾಲಿಯಾದ ನೀರಿನ ಬಾಟಲಿಯೊಂದು ಆಪದ್ಬಾಂಧವನಾಯಿತು. ಸಣ್ಣ ಮಕ್ಕಳೊಡನೆ ಹೋಗುವವರು ಇಂಥ ಸಂಗತಿಗಳನ್ನು ಮೊದಲೇ ಯೋಚಿಸಿರಬೇಕು.

ಇನ್ನು ಮೃಗದರ್ಶನ. ಇಂಪಾಲ ಎಂಬ ಕೆಂಗಂದು ಬಣ್ಣದ ಹುಲ್ಲೆ ಅಲ್ಲಿ ಸಾವಿರಗಟ್ಟಲೆ ಇವೆ. ಮೊದಲ ದಿನ ಮೊದಲ ಇಂಪಾಲ ಕಂಡಾಗ ಕಾರಿನೊಳಗೆ ಹಬ್ಬ; ಐವರೂ ಉಸಿರು ಬಿಗಿಹಿಡಿದು ಕಾಲುಗಂಟೆ ನೋಡಿದೆವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮಕ್ಕಳು “ಇಂಪಾಲಾನೇ ಬಿಡ್ರಿ” ಎಂದು ಪುಸ್ತಕಕ್ಕೆ ಮರಳಿದ್ದರು. ಅದೇ ಸೊಬಗು, ಅದೇ ಕಣ್ಣು, ಅದೇ ನೆಗೆತ. ಹೇರಳವಾಗಿದೆಯೆಂಬುದೊಂದೇ ಅದರ ಅಪರಾಧ. ಸಿಂಹವನ್ನೂ ಕಂಡೆವು, ಅಥವಾ ಕಂಡೆವೆಂದು ಹೇಳಿಕೊಳ್ಳುತ್ತೇವೆ. ಮೊಬೈಲಿನಲ್ಲಿ ಸುದ್ದಿ ಹಬ್ಬಿ ಮೂವತ್ತು ಕಾರುಗಳು ರಸ್ತೆಯಲ್ಲಿ ಜಮಾಯಿಸಿದ್ದವು. ನಡುವೆ ಪೊದೆಯೊಂದರ ಕೆಳಗೆ ಒಂದು ಕಿವಿ, ಒಂದು ಬಾಲದ ತುದಿ. ಸಿಂಹ ಹಗಲಿನ ಬಹುಪಾಲು ಮಲಗಿಯೇ ಕಳೆಯುತ್ತದೆ. ಮೃಗರಾಜನ ನಿದ್ರೆಗೆ ಮೂವತ್ತು ಕಾರುಗಳ ಪಹರೆ! ಅದಕ್ಕಿಂತ ಲೋಯರ್ ಸಾಬಿ ಬಿಡಾರದ ಸಮೀಪದ ಸನ್‌ಸೆಟ್ ಡ್ಯಾಮ್ ಎಂಬ ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸಿ, ನೀರ್ಗುದುರೆಗಳು ಏಳುವುದು ಮುಳುಗುವುದನ್ನು ಎರಡು ಗಂಟೆ ನೋಡಿದ್ದು ನಮಗೆ ಹೆಚ್ಚು ಹಿತವಾಯಿತು. ಸ್ವಂತ ವಾಹನದ ನಿಜವಾದ ಲಾಭವಿರುವುದು ಇಲ್ಲಿ. ನಿಲ್ಲಬೇಕೆನಿಸಿದಲ್ಲಿ ನಿಲ್ಲಬಹುದು; ಸಿಂಹವೆಲ್ಲಿ ಎಂದು ಅವಸರಿಸುವ ಸಹಪ್ರಯಾಣಿಕರಿಲ್ಲ.

ಆ ಕೆರೆಯ ಬಳಿ ಹೊತ್ತು ಮರೆತದ್ದರಿಂದಲೇ ಮುಂದಿನ ಪ್ರಸಂಗ ಒದಗಿತು.

ಅಲ್ಲಿಂದ ನಾವು ಇಳಿದುಕೊಂಡಿದ್ದ ಸ್ಕುಕುಜ ಬಿಡಾರಕ್ಕೆ ನದಿಯ ಗುಂಟ ಸುಮಾರು 45 ಕಿ.ಮೀ. ರಸ್ತೆ. ನಾಲ್ಕು ಗಂಟೆ ದಾಟಿದ ಮೇಲೆ ಹೊರಟೆವು. ಬಿಡಾರ ಇನ್ನು ಹತ್ತು ಹನ್ನೆರಡು ಕಿ.ಮೀ. ಇರುವಾಗ ತಿರುವಿನಾಚೆ ರಸ್ತೆಯ ನಟ್ಟನಡುವೆ ಒಂಟಿ ಗಂಡಾನೆಯೊಂದು ನಮ್ಮತ್ತಲೇ ನಡೆದುಬರುತ್ತಿತ್ತು. ಸಲಗವೆಂಬ ಶಬ್ದದ ಗಾತ್ರ ನಮಗೆ ಅಂದು ಅರ್ಥವಾಯಿತು. ಕಾರು ನಿಂತಿತು. ಗಡಿಯಾರದಲ್ಲಿ ಐದು ಗಂಟೆ ಐದು ನಿಮಿಷ.

“ದೊಡ್ಡಪ್ಪಾ, ಗೇಟು ಹಾಕಿಬಿಡ್ತಾರ. ಎಡಗಡೆ ಜಾಗ ಐತಿ. ಒಮ್ಮೆಗೇ ಪಾರಾಗಿ ಬಿಡೋಣು,” ಎಂದ ನಮ್ಮ ಹುಡುಗ. ಅವನು ಕುಶಲ ಚಾಲಕ, ಜಾಗವೂ ಇತ್ತು. ನಾವು ಮುಂದಿನ ಆಸನದಲ್ಲಿದ್ದೆವು. ಆನೆಯ ಕಣ್ಣಿಗೂ ಕಿವಿಗೂ ನಡುವಿನಿಂದ ಕೆನ್ನೆಯ ಗುಂಟ ಕಪ್ಪಗೆ ತೋಯ್ದ ಗೆರೆಯೊಂದು ಇಳಿದಿತ್ತು. ಹಿಂಗಾಲುಗಳ ಒಳಬದಿ ಒದ್ದೆಯಾಗಿ ಹೊಳೆಯುತ್ತಿತ್ತು. ತಲೆ ಎತ್ತಿ ಹಿಡಿದಿತ್ತು. ಗಾಳಿಯ ಕಿಂಡಿಯಿಂದ ಬಂದ ಕಟುವಾಸನೆ ಕಾರಿನಲ್ಲೆಲ್ಲ ತುಂಬಿತು.

ಮೂವತ್ತು ವರ್ಷ ತರಗತಿಯಲ್ಲಿ ನಾವು ಮದಜಲವೆಂದರೇನೆಂದು ವಿವರಿಸಿದ್ದೆವು. ಗಂಡಸ್ಥಲದಿಂದ ಸ್ರವಿಸುವ ಆ ರಸಕ್ಕೆ ‘ದಾನ’ವೆಂಬ ಹೆಸರೂ ಉಂಟೆಂದು, ಕವಿಗಳು ಅರಸನ ಕೊಡುಗೈಯನ್ನೂ ಆನೆಯ ಕಪೋಲವನ್ನೂ ಒಂದೇ ಶಬ್ದದಲ್ಲಿ ಕಟ್ಟಿಹಾಕಿದ್ದಾರೆಂದು ಶ್ಲೇಷಾಲಂಕಾರಕ್ಕೆ ಅದನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆವು. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಅದು ಇಪ್ಪತ್ತು ಮಾರು ದೂರದಲ್ಲಿ ನಡೆದುಬರುವುದನ್ನು ನೋಡಿದಾಗ ಅಲಂಕಾರವೆಲ್ಲ ಉದುರಿಹೋಗಿ ಅರ್ಥವೊಂದೇ ಉಳಿಯಿತು. ಕವಿಸಮಯದಲ್ಲಿ ಮುತ್ತುವ ದುಂಬಿಗಳು ಮಾತ್ರ ಅಲ್ಲಿರಲಿಲ್ಲ.

“ಬ್ಯಾಡ ತಮ್ಮಾ. ಅದಕ್ಕ ಮದ ಏರೇತಿ. ಹಿಂದಕ್ಕ ತಗೋ,” ಎಂದೆವು.

ಹುಡುಗನಿಗೆ ನಂಬಿಕೆ ಬರಲಿಲ್ಲ. ಮದವೇರುವುದು ನಮ್ಮ ಕಡೆಯ ಆನೆಗಳಿಗಲ್ಲವೇ ಎಂದ. ಅವನ ತಪ್ಪಿಲ್ಲ, ಪಾಶ್ಚಾತ್ಯ ಪ್ರಾಣಿಶಾಸ್ತ್ರಜ್ಞರೂ ಬಹುಕಾಲ ಹಾಗೆಯೇ ತಿಳಿದಿದ್ದರು. ಕೀನ್ಯಾ ದೇಶದ ಅಂಬೊಸೆಲಿಯಲ್ಲಿ ಆನೆಗಳ ಅಧ್ಯಯನ ನಡೆಸಿದ ಜಾಯ್ಸ್ ಪೂಲ್ ಹಾಗೂ ಸಿಂಥಿಯಾ ಮಾಸ್ ಎಂಬ ವಿದುಷಿಯರು ಆಫ್ರಿಕದ ಗಂಡಾನೆಗಳಿಗೂ ಮದವುಂಟೆಂದು ಪ್ರಕಟಿಸಿದ್ದು 1981ರಲ್ಲಿ. ಆದರೆ ಇದನ್ನೆಲ್ಲ ನಾವು ಓದಿ ತಿಳಿದದ್ದು ಊರಿಗೆ ಮರಳಿದ ಮೇಲೆ. ಆ ಹೊತ್ತಿನಲ್ಲಿ ಹೇಳಲು ನಮ್ಮ ಬಳಿ ಶಾಸ್ತ್ರವಿರಲಿಲ್ಲ, ಹಿರಿಯತನವೊಂದೇ ಇತ್ತು. “ನನ್ನ ಮಾತು ಕೇಳು” ಎಂದೆವು. ಕೇಳಿದ. ಆ ಒಂದು ಮಾತಿಗಾಗಿ ನಾವು ಅವನಿಗೆ ಇಂದಿಗೂ ಋಣಿ.

ಹಿಂದೆ ಇನ್ನೊಂದು ಕಾರು ಬಂದು ನಿಂತಿತ್ತು. ನಮ್ಮ ಹಿಂಬದಿಯ ದೀಪ ಕಂಡೊಡನೆ ಅದೂ ಹಿಂದೆ ಸರಿಯತೊಡಗಿತು. ಆನೆ ಅವಸರಿಸಲಿಲ್ಲ, ನಿಲ್ಲಲೂ ಇಲ್ಲ. ಅದು ನಡೆದಷ್ಟೂ ನಾವು ಹಿಂದಕ್ಕೆ. ಹೀಗೆ ಒಂದು ಕಿ.ಮೀ.ಗೂ ಹೆಚ್ಚು ಹಿಮ್ಮೆಟ್ಟಿದೆವು. ಮಕ್ಕಳು ಒಂದು ಸೊಲ್ಲೆತ್ತಲಿಲ್ಲ. ಕೊನೆಗೊಂದು ಕವಲುದಾರಿ ಸಿಕ್ಕಿತು. ಎರಡೂ ಕಾರುಗಳು ಅದರೊಳಗೆ ಸರಿದವು. ಸಲಗ ನಮ್ಮ ಮುಂದಿನಿಂದ ಸಾಗಿ, ಒಮ್ಮೆ ಕಿವಿಯಗಲಿಸಿ ನಿಂತು, ನದಿಯತ್ತ ಇಳಿದುಹೋಯಿತು.

ಆ ಆನೆಯ ವಯಸ್ಸು ನಲವತ್ತು ದಾಟಿದ್ದಿರಬಹುದೆಂದು ಅದರ ಗಾತ್ರ ನೋಡಿ ಊಹಿಸಿದೆವು. ಹಾಗಿದ್ದರೆ ಅದು ಹುಟ್ಟಿದ ಕಾಲದಲ್ಲಿ ಕ್ರೂಗರಿನಲ್ಲಿ ಆನೆಗಳ ಸಂಖ್ಯೆ ಮಿತಿಮೀರಬಾರದೆಂದು ಅಧಿಕಾರಿಗಳೇ ಅವುಗಳನ್ನು ಕೊಲ್ಲಿಸುತ್ತಿದ್ದರು. 1967ರಿಂದ 1994ರವರೆಗೆ ಹಾಗೆ ಸತ್ತ ಆನೆಗಳು ಹದಿನಾಲ್ಕು ಸಾವಿರಕ್ಕೂ ಮಿಕ್ಕಿ. ಮನುಷ್ಯನ ವಿಷಯದಲ್ಲಿ ಆ ಸಲಗಕ್ಕೆ ಏನೇನು ನೆನಪುಗಳಿದ್ದವೋ.

ಬಿಡಾರ ಸೇರಿದಾಗ ಬಾಗಿಲು ಹಾಕಿ ಇಪ್ಪತ್ತು ನಿಮಿಷವಾಗಿತ್ತು. ತಡವಾದುದಕ್ಕೆ ಕೇಳಿದ ದಂಡವನ್ನು ಹುಡುಗ ಮರುಮಾತಿಲ್ಲದೆ ತೆತ್ತ. ಒಳಗೆ ಎಲ್ಲ ಕುಟೀರಗಳ ಮುಂದೆಯೂ ಕೆಂಡದ ಮೇಲೆ ಮಾಂಸ ಸುಡುವ ಸಂಭ್ರಮ; ಅದು ಅಲ್ಲಿಯ ಜನರ ಸಂಜೆಯ ಪದ್ಧತಿ. ನಮ್ಮ ಸೊಸೆ ಕುಟೀರದ ಪುಟ್ಟ ಅಡುಗೆಮನೆಯಲ್ಲಿ ಅನ್ನ, ಸಾರು ಮಾಡಿ, ಮನೆಯಿಂದ ತಂದಿದ್ದ ಶೇಂಗಾ ಚಟ್ನಿಪುಡಿ ತೆಗೆದಳು. ಸಸ್ಯಾಹಾರಿಗಳು ಅಡುಗೆಮನೆ ಇರುವ ಕುಟೀರವನ್ನೇ ಗೊತ್ತುಮಾಡಿಕೊಳ್ಳಬೇಕು. ಪಾತ್ರೆಗಳನ್ನು ಹೊರಗೆ ಬಿಡಬಾರದು. ಅಲ್ಲಿಯ ಮಂಗಗಳಿಗೆ ಸಸ್ಯಾಹಾರ ಮಾಂಸಾಹಾರದ ಭೇದವಿಲ್ಲ.

ಆ ರಾತ್ರಿ ಬೇಲಿಯಾಚೆ ಕತ್ತೆಕಿರುಬ ಕೂಗುತ್ತಿರಲು ನಾವು ಆ ಬಿಡಾರದ ಹೆಸರನ್ನೇ ಕುರಿತು ಯೋಚಿಸುತ್ತ ಮಲಗಿದ್ದೆವು. ಸ್ಕುಕುಜ ಎಂಬುದು ಉದ್ಯಾನದ ಮೊದಲ ಪಾಲಕ ಜೇಮ್ಸ್ ಸ್ಟೀವನ್‌ಸನ್ ಹ್ಯಾಮಿಲ್ಟನ್ನನಿಗೆ ಅಲ್ಲಿಯ ಮೂಲನಿವಾಸಿಗಳು ಇಟ್ಟ ಹೆಸರು. ಗುಡಿಸಿ ಹಾಕಿದವನು ಎಂದು ಅದರ ಅರ್ಥ ಹೇಳುತ್ತಾರೆ. ಕಳ್ಳಬೇಟೆಗಾರರನ್ನಷ್ಟೇ ಅಲ್ಲ, ಅಲ್ಲಿ ವಾಸವಾಗಿದ್ದ ಜನರನ್ನೂ ಅವನು ಹೊರಗೆ ಹಾಕಿದ್ದ. 1969ರಲ್ಲಿ ಉತ್ತರದ ತುದಿಯಲ್ಲಿ, ಲಿಂಪೊಪೊ ಹಾಗೂ ಲುವುವ್ಹು ನದಿಗಳ ನಡುವೆ ಬಾಳುತ್ತಿದ್ದ ಮಕುಲೆಕೆ ಜನರನ್ನು ಸರ್ಕಾರ ಬಲವಂತದಿಂದ ಎಬ್ಬಿಸಿ, ಆ ನೆಲವನ್ನು ಉದ್ಯಾನಕ್ಕೆ ಸೇರಿಸಿತು. ವರ್ಣಭೇದದ ಆಡಳಿತ 1994ರಲ್ಲಿ ಕೊನೆಗೊಂಡ ಮೇಲೆ ಅವರು ನೆಲವನ್ನು ಮರಳಿ ಕೇಳಿದರು. 1998ರಲ್ಲಿ ಸುಮಾರು 24,000 ಹೆಕ್ಟೇರಿನ ಒಡೆತನ ಅವರಿಗೆ ಮರಳಿತು. ಅವರು ಅಲ್ಲಿಗೆ ಹೋಗಿ ಊರು ಕಟ್ಟಲಿಲ್ಲ, ಉಳುಮೆ ಹೂಡಲಿಲ್ಲ. ಒಡೆತನ ತಮ್ಮದಾಗಿ, ಕಾಡು ಕಾಡಾಗಿಯೇ ಇರಲೆಂದು ಒಪ್ಪಿ, ಪ್ರವಾಸಿಗರಿಂದ ಬರುವ ಆದಾಯವನ್ನು ಆಶ್ರಯಿಸಿದರು. ಕಳೆದುಕೊಂಡದ್ದು ಕೈಗೆ ಮರಳಿದಾಗ ಹಾಗೆ ನಡೆದುಕೊಳ್ಳುವುದು ಸಾಮಾನ್ಯವಲ್ಲ. ನಾಗರಹೊಳೆಯ ಜೇನುಕುರುಬರ ಕಥೆಯನ್ನು ಬಲ್ಲ ನಮಗೆ ಆ ರಾತ್ರಿ ಬೇಗ ನಿದ್ರೆ ಬರಲಿಲ್ಲ.

ನಮ್ಮಲ್ಲಿ ಬಂಡೀಪುರದ ಸಫಾರಿಗೆ ಸ್ವಂತ ಕಾರನ್ನು ಬಿಡುವುದಿಲ್ಲ. ನಿಗದಿಯಾದ ವಾಹನದಲ್ಲಿಯೇ ಹೋಗಬೇಕು. ಆದರೆ ಅದೇ ಕಾಡನ್ನು ಸೀಳಿಕೊಂಡು ಹೋಗುವ ಹೆದ್ದಾರಿಗಳಲ್ಲಿ ಸ್ವಂತ ಕಾರಿನವರೇ ಅಲ್ಲವೇ ನಾವೆಲ್ಲ? ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವನ್ನು 2009ರಿಂದ ನಿಷೇಧಿಸಿದ್ದಾರೆ. ಹಗಲಿನಲ್ಲಿ ರಸ್ತೆಬದಿಯ ಆನೆಗೆ ಬಾಳೆಹಣ್ಣು ತೂರುವವರನ್ನೂ ಅದಕ್ಕೆ ಬೆನ್ನು ಮಾಡಿ ನಿಂತು ಚಿತ್ರ ತೆಗೆಸಿಕೊಳ್ಳುವವರನ್ನೂ ನಾವೇ ಕಂಡಿದ್ದೇವೆ. ಅಂಥವರ ಕಾರುಗಳಲ್ಲಿಯೂ ಹಿರಿಯರು ಕುಳಿತಿರುತ್ತಾರೆ; ಏನೂ ಹೇಳದೆ ಕುಳಿತಿರುತ್ತಾರೆ.

ಆ ತಾಯಿಗೆ ನಾವು ಹೇಳುವುದಿಷ್ಟು. ಅವಶ್ಯವಾಗಿ ಹೋಗಿಬನ್ನಿ. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ವಾಹನ ನಡೆಸುವುದರಿಂದ ಮಗನಿಗೆ ಕಷ್ಟವಾಗದು. ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಜೊತೆಗಿಟ್ಟುಕೊಂಡಿರಲಿ. ಅದು ಮಲೇರಿಯಾ ಪ್ರದೇಶ. ವೈದ್ಯರನ್ನು ಕಂಡು ಮಾತ್ರೆಯ ವಿಷಯ ಕೇಳಿ. ಕೀನ್ಯಾ, ಇಥಿಯೋಪಿಯಾ ಮಾರ್ಗವಾಗಿ ವಿಮಾನವೇರುವುದಾದರೆ ಹಳದಿಜ್ವರದ ಲಸಿಕೆಯ ಬಗೆಗೂ ಮೊದಲೇ ವಿಚಾರಿಸಿಕೊಳ್ಳಿ. ದಿನಕ್ಕೆ ನೂರು ಕಿ.ಮೀ.ಗಿಂತ ಹೆಚ್ಚು ತಿರುಗುವ ಯೋಜನೆ ಬೇಡ. ಬಾಗಿಲು ಹಾಕುವುದಕ್ಕೆ ಒಂದು ಗಂಟೆ ಮೊದಲೇ ಬಿಡಾರದ ಸಮೀಪ ಇರುವಂತೆ ಮಗನಿಗೆ ಹೇಳಿ. ದಾರಿಯಲ್ಲಿ ಯಾರಿಗಾದರೂ ಕಾಯಬೇಕಾಗಿ ಬಂದರೆ ಆಗ ಅವಸರವಿರುವುದಿಲ್ಲ. ಇನ್ನೊಂದು, ತಾವು ಹಿಂದಿನ ಆಸನದಲ್ಲಿ ಕುಳಿತುಕೊಳ್ಳಬೇಡಿ. ಮುಂದೆ, ಮಗನ ಪಕ್ಕದಲ್ಲಿ ಕುಳಿತುಕೊಳ್ಳಿ. ಜುಲೈಯಲ್ಲಿ ಬೆಳಗಿನ ಚಳಿ ನಮ್ಮ ಬೆಳಗಾವಿಯ ಚಳಿಗಿಂತ ಒಂದು ಕೈ ಮೇಲು. ದಪ್ಪನೆಯ ಶಾಲು ಇರಲಿ.