ಮೊದಲು ನೆರಳು, ಆಮೇಲೆ ಸೌರಫಲಕ

ಧನ್ವಾಡದಲ್ಲಿ ನಾನು ಕಟ್ಟಿಸಲಿರುವ ಹೊಸ ಮನೆಯ ನಕ್ಷೆ ಈಗ ನನ್ನ ಮೇಜಿನ ಮೇಲಿದೆ. ಮಾಳಿಗೆಯ ಭಾಗದಲ್ಲಿ ಒಂದು ಚೌಕವನ್ನೆಳೆದು ಎಂಜಿನಿಯರರು ‘ಸೋಲಾರ್’ ಎಂದು ಬರೆದಿದ್ದಾರೆ. “ಬಿಸಿಲಿನ ಸೀಮೆ ಸರ್, ಮೂರು ಕಿಲೋವಾಟ್ ಹಾಕಿಸಿ, ಎರಡು ಏಸಿ ಕೂಡಿಸಿ, ಚಿಂತೆ ಬಿಡಿ” ಎಂಬುದು ಅವರ ಸಲಹೆ. ಸಲಹೆ ತಪ್ಪಲ್ಲ. ಆದರೆ ಕೊನೆಯಲ್ಲಿ ಬರಬೇಕಾದ ಮಾತು ಮೊದಲೇ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಇದು ಅನುಭವದಿಂದ ಬಂದ ಅಭಿಪ್ರಾಯ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಅರ್ಧಭಾಗವನ್ನು ಕೆಡವಿ, ಸ್ಲ್ಯಾಬ್ ಹಾಕಿ ಎರಡು ಕೋಣೆಗಳನ್ನು ಕಟ್ಟಿಸಿದೆವು. ಬೇಸಿಗೆ ಬಂದೊಡನೆ ಅವ್ವ ತನ್ನ ಹಾಸಿಗೆಯನ್ನು ಉಳಿದ ಮಣ್ಣಿನ ಕೋಣೆಗೇ ಒಯ್ಯುತ್ತಿದ್ದಳು. “ಆ ಖೋಲಿ ರಾತ್ರೀನೂ ಉರೀತದಪ್ಪಾ” ಎನ್ನುತ್ತಿದ್ದಳು. ಅವಳ ಮಾತು ನಿಜವಾಗಿತ್ತು. ದಪ್ಪ ಮಣ್ಣಿನ ಗೋಡೆ, ಮಾಳಿಗೆಗಳು ಹಗಲಿನ ಕಾವನ್ನು ಬಹಳ ಹೊತ್ತು ಒಳಗೆ ಬಿಡುವುದಿಲ್ಲ. ಐದಾರು ಅಂಗುಲದ ಸ್ಲ್ಯಾಬ್ ದಿನವಿಡೀ ಹೀರಿದ ಕಾವನ್ನು ನಾವು ಮಲಗುವ ಹೊತ್ತಿಗೆ ಸರಿಯಾಗಿ ಕೋಣೆಯೊಳಕ್ಕೆ ಸುರಿಯುತ್ತದೆ.

ನಮ್ಮ ಊರು ಹದಿನೇಳನೆಯ ಅಕ್ಷಾಂಶದ ಸಮೀಪದಲ್ಲಿದೆ. ಮೇ ಮತ್ತು ಆಗಸ್ಟ್ ತಿಂಗಳುಗಳ ಮೊದಲ ವಾರದ ಸುಮಾರಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆದ್ದರಿಂದ ಬೇಸಿಗೆಯಲ್ಲಿ ಅತಿ ಹೆಚ್ಚು ಬಿಸಿಲುಣ್ಣುವುದು ಮಾಳಿಗೆ. ಅದರ ನಂತರ ಸಂಜೆಯವರೆಗೂ ಬೇಯುವ ಪಶ್ಚಿಮದ ಗೋಡೆ. ಮಾಳಿಗೆಗೆ ಸುಣ್ಣ ಬಳಿಯುವುದು ಅಥವಾ ಬಿಳಿಯ ಬಿಲ್ಲೆ ಹಾಸುವುದು, ಪಶ್ಚಿಮಕ್ಕೆ ಮಲಗುವ ಕೋಣೆಯ ಬದಲು ಮೆಟ್ಟಿಲು, ಬಚ್ಚಲುಗಳನ್ನಿಡುವುದು, ಅದರಾಚೆ ಒಂದು ಬೇವಿನ ಗಿಡ ನೆಡುವುದು, ಎದುರುಬದುರು ಕಿಟಕಿಗಳನ್ನಿಟ್ಟು ಮೇಲೆ ಸಜ್ಜಾ ಕಟ್ಟಿಸುವುದು: ಮೊದಲು ಆಗಬೇಕಾದ ಕೆಲಸಗಳಿವು. ತೆಲಂಗಾಣ ಸರಕಾರವೂ 2023ರಲ್ಲಿ ತಂಪು ಮಾಳಿಗೆಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು.

“ಸೌರವಿದ್ಯುತ್ ಇದ್ದರೆ ಇಷ್ಟೆಲ್ಲ ಏಕೆ?” ಎಂದು ಕೇಳುವವರು ಒಂದು ಸಂಗತಿಯನ್ನು ಗಮನಿಸಬೇಕು. ವಿದ್ಯುತ್ ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ಸೌರಫಲಕವು ಹೊರಗಿನ ಕರೆಂಟು ಹೋದೊಡನೆ ತಾನೂ ನಿಂತುಬಿಡುತ್ತದೆ. ತಂತಿಯ ಮೇಲೆ ಕೆಲಸ ಮಾಡುವವರ ಜೀವರಕ್ಷಣೆಗಾಗಿಯೇ ಈ ವ್ಯವಸ್ಥೆ. ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋದಾಗ, ಸುಡುವ ಬಿಸಿಲಿದ್ದೂ ಫ್ಯಾನು ತಿರುಗದು. ಆಗ ಮನೆಯವರನ್ನು ಕಾಯುವುದು ಕಟ್ಟಡದ ನೆರಳೊಂದೇ.

ಹಾಗೆಂದು ಸೌರಫಲಕ ಬೇಡವೆನ್ನಲಾರೆ. 2024ರಲ್ಲಿ ಆರಂಭವಾದ ‘ಪಿಎಂ ಸೂರ್ಯ ಘರ್’ ಯೋಜನೆಯಲ್ಲಿ ಮೂರು ಕಿಲೋವಾಟ್‌ಗೆ 78,000 ರೂಪಾಯಿಗಳ ಸಹಾಯಧನವಿದೆ. ಒಂದು ಕಿಲೋವಾಟ್‌ಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ಫಲಕಗಳು ದಕ್ಷಿಣಕ್ಕೆ ತುಸು ಬಾಗಿರಬೇಕು. ನೀರಿನ ಟಾಕಿಯನ್ನು ಅವುಗಳ ಉತ್ತರಕ್ಕಿಡಬೇಕು. ನಮ್ಮ ಹಿಂದಿನ ಮನೆಯಲ್ಲಿ ಟಾಕಿಯನ್ನು ದಕ್ಷಿಣಕ್ಕೆ ಕಟ್ಟಿಸಿ, ಚಳಿಗಾಲದುದ್ದಕ್ಕೂ ನೀರು ಕಾಯಿಸುವ ಸೌರಯಂತ್ರದ ಮೇಲೆ ಅದರ ನೆರಳು ಬೀಳುವಂತೆ ಮಾಡಿಕೊಂಡಿದ್ದೆ. ಕೊಳವೆಬಾವಿಯ ಗಡಸು ನೀರಿನಿಂದ ಅದರ ನಳಿಗೆಗಳಲ್ಲಿ ಉಪ್ಪು ಕಟ್ಟಿದ್ದು ಮತ್ತೊಂದು ಪಾಠ.

ಮಣ್ಣಿನ ಮನೆಗೇ ಮರಳೋಣವೆಂಬುದೂ ನನ್ನ ವಾದವಲ್ಲ. ಆ ಮಾಳಿಗೆ ಸೋರುತ್ತಿತ್ತು, ಜಂತಿಗಳಿಗೆ ಗೆದ್ದಲು ಹತ್ತುತ್ತಿತ್ತು. ಪ್ರತಿ ಮಳೆಗಾಲದ ಮುಂಚೆ ಮಣ್ಣು ಹೊತ್ತು ಮೇಲೇರಿಸಿದವಳು ಅವ್ವನೇ. ಅವಳ ದುಡಿಮೆಯನ್ನು ಮರೆತು ಆ ತಂಪನ್ನು ಮಾತ್ರ ಹೊಗಳುವುದು ನ್ಯಾಯವಲ್ಲ. ನಾನೂ ಸ್ಲ್ಯಾಬನ್ನೇ ಹಾಕಿಸುತ್ತೇನೆ; ಆದರೆ ಹಳೆಯ ಮನೆಯ ವಿವೇಕವನ್ನು ಅದರೊಳಗೆ ಉಳಿಸಿಕೊಳ್ಳಬಯಸುತ್ತೇನೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ಮಾತೇಕೆ? ನನ್ನ ನಕ್ಷೆಯಲ್ಲಿ ಹಾಲ್, ಬೆಡ್‌ರೂಮ್, ಸಿಟ್‌ಔಟ್‌ಗಳಿವೆ, ಪಡಸಾಲೆ, ಬೆಳಕಿಂಡಿಗಳಿಲ್ಲ. ಶಾಲೆಯಲ್ಲಿ ನಾನು ಕನ್ನಡದ ‘ಪಡಸಾಲೆ’ಯನ್ನೂ ಮರಾಠಿಯ ‘ಪಡಸಾಳ’ವನ್ನೂ, ಇಲ್ಲಿಯ ‘ಮಾಳಿಗೆ’ಯನ್ನೂ ಅಲ್ಲಿಯ ‘ಮಾಳವದ’ವನ್ನೂ ಜೊತೆಜೊತೆಗೇ ಕಲಿತೆ. ಒಂದೇ ಬಿಸಿಲನ್ನುಂಡ ಎರಡು ಭಾಷೆಗಳು ಒಂದೇ ಬಗೆಯ ಮನೆಗೆ ಹತ್ತಿರದ ಹೆಸರುಗಳನ್ನಿಟ್ಟಿದ್ದವು. ಆ ಪದ ಬಿಟ್ಟುಹೋದಾಗ, ಗಾಳಿ ಆಡುವ ಆ ಜಾಗವನ್ನು ಕೇಳಿ ಪಡೆಯುವ ಶಕ್ತಿಯೂ ನಮ್ಮಿಂದ ಹೋಗುತ್ತದೆ.

ಆದುದರಿಂದ ಈ ಬೇಸಿಗೆಯ ರಜೆಯಲ್ಲಿ ನಿಮ್ಮ ನಿಮ್ಮ ಊರಿನ ಒಂದು ಹಳೆಯ ಮನೆಗೆ ಹೋಗಿ ಬನ್ನಿ. ಅದರ ಒಂದೊಂದು ಭಾಗದ ಹೆಸರನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಮಧ್ಯಾಹ್ನ ಎಲ್ಲಿ ನೆರಳು ಬೀಳುತ್ತದೆಂಬುದನ್ನೂ ಗುರುತು ಹಾಕಿಕೊಳ್ಳಿ. ನಾನು ನನ್ನ ನಕ್ಷೆಯನ್ನು ಎಂಜಿನಿಯರರಿಗೆ ಮರಳಿ ಕಳುಹಿಸುತ್ತಿದ್ದೇನೆ. ಪೂರ್ವದ ಬದಿಯಲ್ಲಿ ‘ಪಡಸಾಲೆ’ ಎಂದು ಬರೆದಿದ್ದೇನೆ.