ಎಂಡೆನ್ ಫಲಕದ ಮುಂದೆ ಒಂದು ಜಗಳ

ಪ್ಯಾರೀಸ್ ಕಾರ್ನರ್‌ನಲ್ಲಿ ಬಸ್ಸಿಳಿದು, ಹೈಕೋರ್ಟಿನ ಕಾಂಪೌಂಡ್ ಗೋಡೆ ಹಿಡಿದುಕೊಂಡು ಬಂದರಿನ ಕಡೆ ಹೋದರೆ ಒಂದು ಫಲಕವಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ‘ಎಂಡೆನ್’ ಎಂಬ ಜರ್ಮನ್ ಯುದ್ಧನೌಕೆ ಮದರಾಸಿನ ಮೇಲೆ ಶೆಲ್ ಹಾರಿಸಿದ್ದರ ಗುರುತು ಅದು. ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳು ಹೊತ್ತಿ ಉರಿದವು, ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ತಮಿಳಿಗೆ ‘ಎಂಡನ್’ ಎಂಬ ಹೊಸ ಪದವೂ ಸಿಕ್ಕಿತು. ಮಹಾ ಕಿಲಾಡಿ ಅಂತ ಅರ್ಥ.

ಊರಿನಿಂದ ಬಂದವರಿಗೆ ನಾನು ಈ ಫಲಕ ತೋರಿಸದೆ ಬಿಡುವುದಿಲ್ಲ. ಹೋದ ತಿಂಗಳು ಬೆಂಗಳೂರಿನಿಂದ ಬಂದ ಗೆಳೆಯ ಓದಿ ನಕ್ಕ. “ಹೊಡೆದವನೂ ಜರ್ಮನ್, ಹೊಡೆಸಿಕೊಂಡ ರಾಜನೂ ಜರ್ಮನ್! ನಿಮ್ಮ ಜಾರ್ಜ್ ಟೌನಿಗೆ ಹೆಸರು ಕೊಟ್ಟ ಐದನೇ ಜಾರ್ಜ್ ಬ್ರಿಟಿಷನೇ ಅಲ್ಲ ಮಾರಾಯ.” ಅರ್ಧ ಗಂಟೆ ಬಿಟ್ಟು, ಕಾಫಿ ಕುಡಿಯುತ್ತಾ, ತನ್ನ ಬಡಾವಣೆಯ ಕಥೆ ತೆಗೆದ. ಪಕ್ಕದ ಮನೆಯವರು ತಮಿಳರು, ತಾತನ ಕಾಲಕ್ಕೆ ಬಂದವರು. “ಮೂರು ತಲೆಮಾರಾದರೇನು? ಹೊರಗಿನವರು ಹೊರಗಿನವರೇ.”

ಈ ಎರಡು ಮಾತೂ ಒಂದೇ ಎಂಬುದು ಅವನಿಗೆ ಹೊಳೆಯಲಿಲ್ಲ. ನನ್ನ ತಕರಾರು ಅಲ್ಲಿದೆ.

ಮೊದಲನೆಯ ಮಾತು ಸುಳ್ಳಲ್ಲ. ಕ್ಯಾಥೊಲಿಕರಿಗೆ ಸಿಂಹಾಸನವಿಲ್ಲ ಎಂದು 1701ರಲ್ಲಿ ಕಾನೂನಾಯಿತು. ಹಾಗಾಗಿ 1714ರಲ್ಲಿ, ರಕ್ತಸಂಬಂಧದಲ್ಲಿ ಹತ್ತಿರವಿದ್ದ ಹತ್ತಾರು ಜನರನ್ನು ದಾಟಿ, ಹ್ಯಾನೋವರಿನ ದೊರೆಯನ್ನು ಕರೆತಂದು ಮೊದಲನೇ ಜಾರ್ಜ್ ಮಾಡಿದರು. ಐವತ್ತನಾಲ್ಕು ವರ್ಷದ ಅವನಿಗೆ ಇಂಗ್ಲಿಷ್ ನೆಟ್ಟಗೆ ಬರುತ್ತಿರಲಿಲ್ಲ. ವಿಕ್ಟೋರಿಯಾಳ ತಾಯಿ ಜರ್ಮನ್, ಗಂಡ ಆಲ್ಬರ್ಟನೂ ಜರ್ಮನ್. ಐದನೇ ಜಾರ್ಜ್ ಅವಳ ಮಗನ ಮಗ, ಎಂಡೆನ್ನನ್ನು ಕಳಿಸಿದ ಕೈಸರ್ ಮಗಳ ಮಗ. ದಾಯಾದಿಗಳೂ ಅಲ್ಲ, ಸೋದರತ್ತೆಯ ಮಗ. ನಮ್ಮಲ್ಲಾದರೆ ಹೆಣ್ಣು ಕೊಟ್ಟು ತರುವ ನಂಟು.

ಆದರೆ ಇದರಲ್ಲಿ ನಗುವುದಕ್ಕೇನಿದೆ? ಇನ್ನೂರು ವರ್ಷ ಒಂದು ನೆಲದಲ್ಲಿ ಹುಟ್ಟಿ ಸತ್ತವರು ಆ ನೆಲದವರಲ್ಲವಾದರೆ ಇನ್ನೆಷ್ಟು ವರ್ಷ ಬೇಕು? ಐದನೇ ಜಾರ್ಜನ ಮೇಲೆ ನನಗಿರುವ ಸಿಟ್ಟು ಅವನ ಮುತ್ತಜ್ಜ ಎಲ್ಲಿಯವನೆಂಬುದಕ್ಕಲ್ಲ. ಅಪ್ಪಟ ಇಂಗ್ಲಿಷ್ ರಕ್ತದವನೊಬ್ಬ ನಮ್ಮನ್ನು ಆಳಿದ್ದರೆ ಅದು ನ್ಯಾಯವಾಗುತ್ತಿತ್ತೇ?

ಸಿಟ್ಟು ಬೇರೆಯದಕ್ಕೆ. 1915ರ ಮೇ ತಿಂಗಳಲ್ಲಿ ಲೂಸಿಟೇನಿಯಾ ಹಡಗು ಮುಳುಗಿದಾಗ ಲಂಡನ್, ಲಿವರ್‌ಪೂಲ್‌ಗಳಲ್ಲಿ ಜರ್ಮನ್ ಹೆಸರಿನ ಬೇಕರಿಗಳನ್ನೂ ಮಾಂಸದಂಗಡಿಗಳನ್ನೂ ಒಡೆದು ದೋಚಿದರು. ಶತ್ರುದೇಶದ ಪ್ರಜೆಗಳು ಹೆಸರು ಬದಲಿಸಿಕೊಳ್ಳಬಾರದೆಂದು ಸರ್ಕಾರ 1914ರಲ್ಲೇ ಆದೇಶ ಹೊರಡಿಸಿತ್ತು. ರೊಟ್ಟಿ ಸುಡುವವನಿಗೆ ಇಲ್ಲದ ಆ ಅವಕಾಶ ರಾಜನಿಗಿತ್ತು. ಗೋಥಾ ಎಂಬ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಹಾಕತೊಡಗಿದಾಗ, ಸ್ಯಾಕ್ಸ್-ಕೋಬರ್ಗ್ ಮತ್ತು ಗೋಥಾ ಮನೆತನ 1917ರ ಜುಲೈ 17ರಂದು ಒಂದು ಘೋಷಣೆಯಿಂದ ವಿಂಡ್ಸರ್ ಆಯಿತು. ಬ್ಯಾಟನ್‌ಬರ್ಗರು ಮೌಂಟ್‌ಬ್ಯಾಟನ್‌ರಾದರು, ಆ ಮನೆಯ ಹುಡುಗನೇ ನಮ್ಮ ಕೊನೆಯ ವೈಸರಾಯ್.

ನಮ್ಮ ಮಂಗಳೂರಿನಲ್ಲೂ ಇದೇ ಆಯಿತು. ಹೆಂಚು, ನೇಯ್ಗೆ, ಅಚ್ಚುಕೂಟ ತಂದ ಬಾಸೆಲ್ ಮಿಶನ್ನಿನ ಜರ್ಮನ್ನರನ್ನು ಹಿಡಿದು ಅಹ್ಮದ್‌ನಗರದ ಶಿಬಿರದಲ್ಲಿಟ್ಟರು, ಕಾರ್ಖಾನೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಫರ್ಡಿನಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಎಂಡೆನ್ ಪಟ್ಟಣವಿರುವ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯಲ್ಲೇ. ಆಗ ಅದು ಹ್ಯಾನೋವರ್ ರಾಜ್ಯ, ಅದರ ರಾಜ ಲಂಡನ್ನಿನಲ್ಲಿ ಕೂತಿದ್ದ ನಾಲ್ಕನೇ ವಿಲಿಯಂ. 1894ರಲ್ಲಿ ಕನ್ನಡಕ್ಕೆ ಅಂಥ ನಿಘಂಟು ಕೊಟ್ಟ ಮನುಷ್ಯ 1903ರಲ್ಲಿ ತೀರಿಕೊಂಡರು. ಮಂಗಳೂರಿನಲ್ಲೇ ಉಳಿದು ಇನ್ನೊಂದು ಹತ್ತು-ಹನ್ನೆರಡು ವರ್ಷ ಬದುಕಿದ್ದರೆ ಅವರಿಗೂ ಅಹ್ಮದ್‌ನಗರವೇ ಗತಿಯಾಗುತ್ತಿತ್ತೇನೋ. ಅವರನ್ನು ಹೊರಗಿನವರೆನ್ನಲು ನನ್ನ ಗೆಳೆಯನಿಗೂ ಬಾಯಿ ಬರಲಿಕ್ಕಿಲ್ಲ.

ಮೈಸೂರು ಅರಸರ ಮೂಲಪುರುಷ ಯದುರಾಯ ದ್ವಾರಕೆಯಿಂದ ಬಂದ ಎಂಬ ಕಥೆಯನ್ನು ನಾವು ಹೆಮ್ಮೆಯಿಂದಲೇ ಹೇಳುತ್ತೇವೆ. ದೂರದಿಂದ ಬಂದದ್ದು ಅರಸನಿಗೆ ವಂಶಾವಳಿ, ಕೂಲಿಯವನಿಗೆ ಕಳಂಕ.

ಇದನ್ನೆಲ್ಲ ಪುಸ್ತಕ ಓದಿಯಷ್ಟೇ ಹೇಳುತ್ತಿಲ್ಲ. 2016ರ ಸೆಪ್ಟೆಂಬರ್ 12 ನಿಮಗೆ ನೆನಪಿರಬೇಕು. ಬೆಳಗಿನ ಜಾವ ಇಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿಗೆ ಪೆಟ್ರೋಲ್ ಬಾಂಬು ಎಸೆದರು. ಉಡುಪಿ ಕಡೆಯಿಂದ ಬಂದು, ಇದೇ ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯ ಹೋಟೆಲಿನಿಂದ ಮೇಲೆ ಬಂದ ಕೃಷ್ಣರಾಯರು ಕಟ್ಟಿದ ಹೋಟೆಲು ಅದು. ಇಡೀ ಮದರಾಸಿಗೆ ದೋಸೆ ಹಾಕಿದ ಮನೆತನ. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಹತ್ತಾರು ಸುಟ್ಟು ಕರಕಲಾದವು. ಎರಡೂ ಕಡೆ ಕಾವೇರಿಯ ಹೆಸರು.

ಆ ವಾರ ನಾನು ಕೆಎ ನಂಬರಿನ ಬೈಕನ್ನು ಅಪಾರ್ಟ್‌ಮೆಂಟಿನ ಹಿಂದೆ ಟಾರ್ಪಾಲಿನ್ ಹೊದಿಸಿ ಇಟ್ಟೆ. ಬಸ್ಸಿನಲ್ಲಿ ಅಮ್ಮನ ಫೋನ್ ಬಂದರೆ ಇಂಗ್ಲಿಷಿನಲ್ಲಿ “ಕಾಲ್ ಯೂ ಲೇಟರ್” ಎಂದು ಕಟ್ ಮಾಡುತ್ತಿದ್ದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಮೂರನೆಯ ದಿನ ಅವಳೇ ಕೇಳಿದಳು: “ಯಾಕಪ್ಪಾ, ನನ್ನ ಮೇಲೆ ಕೋಪವೇನೋ?” ಆ ವಾರ ನಾನೂ ವಿಂಡ್ಸರ್ ಆಗಿದ್ದೆ. ಒಂದೇ ವ್ಯತ್ಯಾಸ, ನನ್ನದಕ್ಕೆ ಘೋಷಣೆ ಇರಲಿಲ್ಲ. ಎದುರು ಮನೆಯ ತಮಿಳು ಮಾಮಿ ಮಾತ್ರ ದಿನಾ ಸಂಜೆ ಬಂದು “ಎಲ್ಲರೂ ಮನೆ ಸೇರಿದಿರಾ?” ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಗೆಳೆಯ ಈ ಪತ್ರಿಕೆ ಓದುತ್ತಾನೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನನ್ನ ಮಗ ಹುಟ್ಟಿದ್ದು ಪೆರಂಬೂರಿನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಜಗಳಕ್ಕೆ ಎರಡೂ. ಅವನು ಯಾವ ಊರಿನವನು? ನಿನ್ನ ಪಕ್ಕದ ಮನೆಯ ಹುಡುಗನಿಗೆ ಕೊಡುವ ಉತ್ತರವನ್ನೇ ಅವನಿಗೂ ಕೊಡಬೇಕು. ಯೋಚಿಸಿ ಬರಿ.